ನ್ಯಾನೋಟ್ಯೂಬ್ ಒಡೆಯಲು ಎಚ್‌ಆರ್‌ಪಿ ಪುಡಿ: ದುಬಾರಿ ದರ್ಜೆಯೇ ಬೇಕೆ?

ಹಾರ್ಸ್‌ರ್ಯಾಡಿಶ್ ಬೇರಿನಿಂದ ತೆಗೆಯುವ ಪೆರಾಕ್ಸಿಡೇಸ್ ಕಿಣ್ವ, ಅಂದರೆ ಎಚ್‌ಆರ್‌ಪಿ, ಕಾರ್ಬನ್ ನ್ಯಾನೋಟ್ಯೂಬ್‌ಗಳನ್ನು (ಇಂಗಾಲದ ಅತಿಸೂಕ್ಷ್ಮ ಕೊಳವೆಗಳನ್ನು) ಹೈಡ್ರೋಜನ್ ಪೆರಾಕ್ಸೈಡ್ ಜೊತೆಗೂಡಿ ಒಡೆಯಬಲ್ಲದು ಎಂದು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ತಂಡ 2008ರಲ್ಲಿ ತೋರಿಸಿತು. ಆ ಪ್ರಯೋಗ ಮಾಡಹೊರಟವರ ಮುಂದೆ ಮೊದಲು ಬರುವ ಪ್ರಶ್ನೆ: ಸಿಗ್ಮಾ-ಆಲ್ಡ್ರಿಚ್‌ನ ಕಡಿಮೆ ದರ್ಜೆಯ ಟೈಪ್ 1 ಸಾಕೇ, ದುಬಾರಿ ಟೈಪ್ 6 ಬೇಕೇ?

ಟೈಪ್ 6 ತರಿಸಿ. ಟೈಪ್ 1ರಲ್ಲಿ ಮಿಲಿಗ್ರಾಂಗೆ ಕನಿಷ್ಠ 50 ಯೂನಿಟ್ (ಕಿಣ್ವದ ಚಟುವಟಿಕೆಯ ಅಳತೆ), ಟೈಪ್ 6ರಲ್ಲಿ ಕನಿಷ್ಠ 250. ಕಡಿಮೆ ದರ್ಜೆಯನ್ನೇ ಐದು ಪಟ್ಟು ಹಾಕಿದರೆ ಆಯಿತಲ್ಲ ಅನ್ನುವಂತಿಲ್ಲ. ಜೊತೆಗೆ ಬರುವ ಬೇರೆ ಪ್ರೋಟೀನ್ ಟ್ಯೂಬಿನ ಮೈಗೆ ಅಂಟಿ ಕಿಣ್ವದ ಜಾಗ ಹಿಡಿಯುತ್ತದೆ. ಪುಡಿ ಬಂದ ಕೂಡಲೇ ಅದನ್ನು ಕರಗಿಸಿ 403 ಮತ್ತು 275 ನ್ಯಾನೋಮೀಟರ್‌ಗಳಲ್ಲಿ ಬೆಳಕಿನ ಹೀರಿಕೆ ಅಳೆಯಿರಿ. ಅನುಪಾತ 3ರ ಸುಮಾರಿಗಿದ್ದರೆ ಶುದ್ಧತೆ ಚೆನ್ನಾಗಿದೆ. ಮಿ.ಲೀ.ಗೆ 0.4 ಮಿಲಿಗ್ರಾಂ ದ್ರಾವಣ 403ರಲ್ಲಿ ಸುಮಾರು 0.9 ತೋರಿಸಬೇಕು.

ಕಿಣ್ವ ಎಷ್ಟೇ ಒಳ್ಳೆಯದಿರಲಿ, ಕೆಲಸ ಕೆಡುವುದು ಹೆಚ್ಚಾಗಿ ಪೆರಾಕ್ಸೈಡ್‌ನಲ್ಲಿ. 2008ರ ಪ್ರಯೋಗದಲ್ಲಿ ಬಳಸಿದ್ದು ಸುಮಾರು 40 ಮೈಕ್ರೋಮೋಲಾರ್, 4 ಡಿಗ್ರಿ ತಂಪಿನಲ್ಲಿ, 12 ವಾರ. ಬೇಗ ಮುಗಿಯಲೆಂದು ಒಂದೇ ಸಲ ಹೆಚ್ಚು ಸುರಿದರೆ ಕಿಣ್ವದ ಹೀಮ್ (ಕೆಲಸ ಮಾಡುವ ಕಬ್ಬಿಣದ ಭಾಗ) ನಿಷ್ಕ್ರಿಯ ರೂಪಕ್ಕೆ ಜಾರಿ, ಕೊನೆಗೆ ನಾಶವಾಗುತ್ತದೆ. ಕಡಿಮೆ ಹಾಕಿ ಬಿಟ್ಟರೆ ಇಂಗಾಲ ಉಳಿದೇ ಉಳಿಯುತ್ತದೆ. ಲೆಕ್ಕ ಹಾಕಿ ನೋಡಿ: ಇಂಗಾಲದ ಒಂದು ಪರಮಾಣು ಇಂಗಾಲದ ಡೈಆಕ್ಸೈಡ್ ಆಗಲು ಎರಡು ಪೆರಾಕ್ಸೈಡ್ ಅಣು ಬೇಕು. 1 ಮಿಲಿಗ್ರಾಂ ಟ್ಯೂಬ್‌ಗೆ ಸುಮಾರು 167 ಮೈಕ್ರೋಮೋಲ್. 10 ಮಿ.ಲೀ.ಗೆ ಹಾಕುವ 40 ಮೈಕ್ರೋಮೋಲಾರ್ ಕಂತಿನಲ್ಲಿರುವುದು ಬರೀ 0.4 ಮೈಕ್ರೋಮೋಲ್. ಅಂದರೆ ನಾನೂರಕ್ಕೂ ಹೆಚ್ಚು ಕಂತು! ಅದಕ್ಕೇ 10 ಮಿ.ಲೀ.ಗೆ 0.1 ಮಿಲಿಗ್ರಾಂ ಟ್ಯೂಬ್‌ನಿಂದ ಶುರು ಮಾಡಿ. ಸುಮಾರು 42 ಕಂತಿಗೆ ಲೆಕ್ಕ ಸರಿಹೋಗುತ್ತದೆ.

ಕಂತಿಗಾಗಿ 30 ಪ್ರತಿಶತ ಪೆರಾಕ್ಸೈಡ್ 51 ಮೈಕ್ರೋಲೀಟರನ್ನು ನೀರಿನಲ್ಲಿ 50 ಮಿ.ಲೀ.ಗೆ ತನ್ನಿ, 10 ಮಿಲಿಮೋಲಾರ್ ಆಗುತ್ತದೆ. 240 ನ್ಯಾನೋಮೀಟರ್‌ನಲ್ಲಿ ಹೀರಿಕೆ 0.44ರ ಆಸುಪಾಸು ಬರದಿದ್ದರೆ ಬಾಟಲಿ ಹಳೆಯದಾಗಿದೆ. ದಿನಕ್ಕೊಮ್ಮೆ ಇದರ 40 ಮೈಕ್ರೋಲೀಟರ್ ಸಾಕು. ಬಫರ್ 10 ಮಿಲಿಮೋಲಾರ್ ಫಾಸ್ಫೇಟ್, ಪಿಎಚ್ 7. ಉಪ್ಪು ಹೆಚ್ಚಾದರೆ ಟ್ಯೂಬ್‌ಗಳು ಗಂಟು ಕಟ್ಟುತ್ತವೆ. ಬೂಸ್ಟು ಬರದಿರಲಿ ಎಂದು ಸೋಡಿಯಂ ಅಜೈಡ್ ಹಾಕಲೇಬೇಡಿ, ಅದು ಎಚ್‌ಆರ್‌ಪಿಯನ್ನೇ ತಡೆಯುತ್ತದೆ. ಬಫರನ್ನೂ ಕಿಣ್ವದ ದ್ರಾವಣವನ್ನೂ 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ. ಬ್ಯಾಕ್ಟೀರಿಯಾ ಸೇರಿಕೊಂಡರೆ ಅವುಗಳ ಕ್ಯಾಟಲೇಸ್ ಕಂತಿನ ಪೆರಾಕ್ಸೈಡನ್ನು ತಿಂದುಹಾಕುತ್ತದೆ.

ಕಂಟ್ರೋಲ್, ಅಂದರೆ ಹೋಲಿಕೆಗೆ ಇಡುವ ಮಾದರಿಗಳ ವಿಷಯದಲ್ಲಿ ಹುಷಾರು. ಕುದಿಸಿದ ಎಚ್‌ಆರ್‌ಪಿ ಪೂರ್ತಿ ಸತ್ತಿದೆ ಎಂದುಕೊಳ್ಳುವುದು ತಪ್ಪು, ಹೀಮ್ ಅಲ್ಲೇ ಉಳಿದಿರುತ್ತದೆ. ಹೆಮಿನ್ (ಪ್ರೋಟೀನ್ ಇಲ್ಲದ ಹೀಮ್) ಒಂದೇ ಇದ್ದರೂ ಪೆರಾಕ್ಸೈಡ್ ಜೊತೆ ಟ್ಯೂಬ್ ಒಡೆಯುತ್ತದೆ. ಟ್ಯೂಬ್ ತಯಾರಿಕೆಯಲ್ಲಿ ಉಳಿದ ಕಬ್ಬಿಣವೂ ಫೆಂಟನ್ ಕ್ರಿಯೆ ನಡೆಸುತ್ತದೆ, ಅಂದರೆ ಪೆರಾಕ್ಸೈಡ್‌ನಿಂದ ಚುರುಕಾದ ರಾಡಿಕಲ್‌ಗಳನ್ನು ಹುಟ್ಟಿಸುತ್ತದೆ. ಆದ್ದರಿಂದ ಹೆಮಿನ್‌ಗೊಂದು, ಪೆರಾಕ್ಸೈಡ್ ಮಾತ್ರದ್ದೊಂದು, ಕಿಣ್ವ ಮಾತ್ರದ್ದೊಂದು ನ್ಯಾನೋಟ್ಯೂಬ್ ಮಾದರಿ ಇಡಲೇಬೇಕು. ದ್ರಾವಣ ತಿಳಿಯಾಯಿತು ಅಂತ ಒಡೆಯಿತು ಎಂದು ಬರೆದುಬಿಡಬೇಡಿ, ತಳಕ್ಕೆ ಇಳಿದಿರಬಹುದು. ರಾಮನ್ ರೋಹಿತದಲ್ಲಿ ಇಂಗಾಲದ ರಚನೆಯ ದೋಷ ತೋರಿಸುವ ಡಿ ಪಟ್ಟಿ ಮತ್ತು ಕ್ರಮಬದ್ಧತೆ ತೋರಿಸುವ ಜಿ ಪಟ್ಟಿಗಳ ಜೊತೆಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರವೂ ಬೇಕು.

ಮೈ ಮೇಲೆ ಕಾರ್ಬಾಕ್ಸಿಲ್ (ಆಮ್ಲ) ಗುಂಪಿರುವ ಟ್ಯೂಬ್‌ಗೆ ಮತ್ತು ಗ್ರಾಫೀನ್ ಆಕ್ಸೈಡ್‌ಗೆ (ಆಮ್ಲಜನಕ ಸೇರಿದ ಇಂಗಾಲದ ಹಾಳೆಗೆ) ಈ ಪುಡಿಯನ್ನು ಧೈರ್ಯವಾಗಿ ಶಿಫಾರಸು ಮಾಡಬಹುದು. ಮೈ ಮಾರ್ಪಡಿಸದ ಟ್ಯೂಬ್, ಅಪಕರ್ಷಿತ (ಆಮ್ಲಜನಕ ತೆಗೆದ) ಗ್ರಾಫೀನ್ ಆಕ್ಸೈಡ್ ಎರಡಕ್ಕೂ ಹಣ ದಂಡ. ಮಾರ್ಪಡಿಸದ ಟ್ಯೂಬ್‌ಗೆ ಮರವನ್ನು ಬೆಳ್ಳಗಾಗಿಸಿ ಕೊಳೆಸುವ ಶಿಲೀಂಧ್ರದಿಂದ ಬರುವ ಮ್ಯಾಂಗನೀಸ್ ಪೆರಾಕ್ಸಿಡೇಸ್ ನೋಡಿ. ಮಣ್ಣಿಗೋ ಕೆರೆ ನೀರಿಗೋ ಎಚ್‌ಆರ್‌ಪಿ ಸುರಿಯುವ ಯೋಚನೆಯಂತೂ ಬೇಡ: ಅಲ್ಲಿನ ಹ್ಯೂಮಿಕ್ ಪದಾರ್ಥಗಳು (ಕೊಳೆತ ಸಸ್ಯಗಳಿಂದಾದ ವಸ್ತುಗಳು) ಟ್ಯೂಬ್‌ಗಿಂತ ಸುಲಭದ ತುತ್ತು, ಕಿಣ್ವ ಮೊದಲು ಅವನ್ನೇ ಹಿಡಿಯುತ್ತದೆ.