ಮಗುವಿನ ದಾಖಲೆಗಳಿಗೆ ನಾಲ್ಕು ರಿಂಗಿನ ಫೈಲ್: ಬಹುಕಾಲ ಬಳಸಿದ ಮೇಲೆ

ರಿಂಗಿನ ಬಾಯಿ ಕೂಡುವುದಿಲ್ಲ. ವಿಶೇಷ ಅಗತ್ಯವಿರುವ ಮಗುವಿನ ಆಸ್ಪತ್ರೆ, ಶಾಲೆಯ ಕಾಗದಗಳನ್ನೆಲ್ಲ ಇಡುವ ಈ ಫೈಲಿನ ಮೇಲೆ ಮೊದಲ ದೂರು ಅದೇ. ಹೊಸದರಲ್ಲಿ ಟಕ್ಕೆಂದು ಕಚ್ಚಿಕೊಳ್ಳುವ ತುದಿಗಳು ಬರಬರುತ್ತಾ ಕೂದಲೆಳೆಯಷ್ಟು ಸಂದು ಬಿಡುತ್ತವೆ. ಹಾಳೆ ಮಗುಚುವಾಗ ತೂತಿನ ಅಂಚು ಆ ಸಂದಿಗೆ ಸಿಕ್ಕಿ ಹರಿಯುತ್ತದೆ. ಹರಿಯುವುದೂ ದಿನಾ ಬೇಕಾಗುವ ಹಾಳೆಯೇ: ಔಷಧಿ ಪಟ್ಟಿ, ಇಲ್ಲವೇ ಶಾಲೆಯ ಐಇಪಿ (ಆ ಒಂದು ಮಗುವಿಗೆಂದೇ ಬರೆದ ಕಲಿಕೆಯ ಯೋಜನೆ).

ಕಾರಣ ಎರಡು. ರಿಂಗುಗಳನ್ನು ಬೆರಳಿನಿಂದ ಹಿಡಿದೆಳೆದು ತೆರೆದರೆ ಅವು ಓರೆಯಾಗುತ್ತವೆ. ಮೇಲೆ ಕೆಳಗೆ ಇರುವ ಎರಡೂ ಒತ್ತುಪಟ್ಟಿಗಳನ್ನು ಒಟ್ಟಿಗೇ ಒತ್ತಬೇಕು. ಇನ್ನೊಂದು, ಅತಿಯಾಗಿ ತುಂಬುವುದು. ಇಷ್ಟು ಹಾಳೆ ಹಿಡಿಯುತ್ತದೆ ಎಂದು ಲೇಬಲ್ಲಿನಲ್ಲಿ ಬರೆದಿರುವುದು ಬರೀ ಹಾಳೆಯ ಲೆಕ್ಕ. ಮಾಮೂಲಿ ಪ್ರಿಂಟಿನ 80 ಜಿಎಸ್‌ಎಂ ಹಾಳೆ ಸುಮಾರು 0.1 ಮಿ.ಮೀ. ದಪ್ಪ. 50 ಮೈಕ್ರಾನಿನ (0.05 ಮಿ.ಮೀ.) ಪ್ಲಾಸ್ಟಿಕ್ ಕವರಿಗೆ ಎರಡು ಪದರ, ಅಂದರೆ ಮತ್ತೂ 0.1. ಎಲ್ಲ ಹಾಳೆಯನ್ನೂ ಕವರಿಗೆ ಹಾಕಿದರೆ ಹಿಡಿಸುವುದು ಅರ್ಧ, ಒಳಗಿನ ಗಾಳಿ ಸೇರಿದರೆ ಅದಕ್ಕೂ ಕಡಿಮೆ. ಮುಕ್ಕಾಲು ಭಾಗ ತುಂಬಿದ ಕೂಡಲೇ ಹಳೆಯ ವರ್ಷಗಳನ್ನು ಬೇರೆ ಪೆಟ್ಟಿಗೆಗೆ ಸಾಗಿಸುವುದೇ ಸರಿ. ದುಂಡು ರಿಂಗಿನ ಫೈಲಿಗಿಂತ ಡಿ ಆಕಾರದ್ದು ವಾಸಿ, ಹಾಳೆಗಳು ಬಾಗದೆ ನೆಟ್ಟಗೆ ಕೂರುತ್ತವೆ.

ಕವರ್ ಸಲ್ಲಬೇಕಾದದ್ದು ತೂತು ಹಾಕಬಾರದ ಮೂಲಪ್ರತಿಗಳಿಗೆ ಮಾತ್ರ: ಜನನ ಪ್ರಮಾಣಪತ್ರ, ಅಂಗವೈಕಲ್ಯ ಪ್ರಮಾಣಪತ್ರ, ಜೆನೆಟಿಕ್ ವರದಿ. ಕವರ್ ಪಾಲಿಪ್ರೊಪಿಲೀನಿನದ್ದೇ ಎಂದು ನೋಡಿ ಕೊಳ್ಳಬೇಕು. ಮೆತ್ತಗಿನ ಪಿವಿಸಿ ಕವರಿನಲ್ಲಿ ಲೇಸರ್ ಪ್ರಿಂಟಿನ ಅಕ್ಷರ ಪ್ಲಾಸ್ಟಿಕ್ಕಿಗೆ ಅಂಟಿ ಎದ್ದುಬರುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಮುಂದೆ ಅದರ ಮೇಲೆ ಸೀಲು, ಸಹಿ ಹಾಕಿಸಲಾಗದು. ಬಿಸಿಯಿಂದಲೇ ಅಕ್ಷರ ಮೂಡುವ ಥರ್ಮಲ್ ಕಾಗದವಾದರೆ ಲ್ಯಾಮಿನೇಶನ್ನಿನ ಬಿಸಿಗೆ ಪೂರ್ತಿ ಕಪ್ಪಾಗುತ್ತದೆ. ಔಷಧಿ ಅಂಗಡಿಯ ಬಿಲ್ಲು, ಕೆಲವು ಇಸಿಜಿ ಪಟ್ಟಿಗಳು ಇದೇ ಕಾಗದದವು, ಇಟ್ಟಲ್ಲೇ ಮಾಸಿಹೋಗುತ್ತವೆ. ಸಿಕ್ಕ ದಿನವೇ ಜೆರಾಕ್ಸ್ ತೆಗೆದುಬಿಡಬೇಕು.

ಎರಡನೆಯ ಕಿರಿಕಿರಿ ವಿಭಾಗಗಳನ್ನು ಬೇರ್ಪಡಿಸುವ ಡಿವೈಡರಿನದು. ಪ್ಲಾಸ್ಟಿಕ್ ಕವರ್ ಎ4 ಹಾಳೆಗಿಂತ ಅಗಲ. ಸಾಮಾನ್ಯ ಡಿವೈಡರಿನ ಅಂಚಿನಿಂದ ಹೊರಚಾಚಿದ, ವಿಭಾಗದ ಹೆಸರು ಬರೆಯುವ ಕಿವಿ ಅದರಡಿ ಮುಚ್ಚಿಹೋಗುತ್ತದೆ. ಹೆಚ್ಚು ಅಗಲದ ಡಿವೈಡರನ್ನೇ ಕೇಳಿ ತರಬೇಕು. ಫೈಲಿನ ಜೊತೆ ಬರುವವು ಯಾವ ಕೆಲಸಕ್ಕೂ ಬಾರವು.

ಇಷ್ಟೆಲ್ಲ ಬೈದ ಮೇಲೂ ಈ ಫೈಲನ್ನು ಬಿಡಲಾಗದಿರುವುದು ಮುಂದಿನ ರಟ್ಟಿನ ಮೇಲಿರುವ ಪಾರದರ್ಶಕ ಜೇಬಿನಿಂದ. ಕಂಪನಿಯವರು ಅದನ್ನು ಕೊಟ್ಟಿರುವುದು ಹೆಸರಿನ ಚೀಟಿಗೆ. ಅಲ್ಲಿ ಕೂರಬೇಕಾದದ್ದು ಮಗುವಿನ ಒಂದು ಪುಟದ ವಿವರ. ಹೊಸ ವೈದ್ಯರ ಮುಂದೆ ಫೈಲು ಇಟ್ಟರೆ ಸಾಕು, ರಿಂಗು ತೆರೆಯದೆ ಅರ್ಧ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಕಾಣುತ್ತದೆ. ತುರ್ತಿನಲ್ಲಿ ಫೈಲು ಹೊತ್ತು ಓಡುವವರು ಅಮ್ಮನೋ ಅಪ್ಪನೋ ಆಗಿರಬೇಕಿಲ್ಲ, ಯಾರಾದರೂ ಆ ಪುಟ ತೋರಿಸಬಹುದು.

ಆ ಪುಟದಲ್ಲಿ ಏನಿರಬೇಕು? ಹೆಸರು, ಹುಟ್ಟಿದ ದಿನಾಂಕ, ರೋಗನಿರ್ಣಯ ಮತ್ತು ಅದು ಆದ ವರ್ಷ. ತೂಕ, ಅದರ ಪಕ್ಕದಲ್ಲಿ ತೂಗಿದ ದಿನಾಂಕ. ಮಕ್ಕಳ ಡೋಸು ಹೆಚ್ಚಾಗಿ ತೂಕದ ಲೆಕ್ಕದಲ್ಲೇ ನಡೆಯುವುದರಿಂದ ದಿನಾಂಕವಿಲ್ಲದ ತೂಕ ಅಪಾಯಕಾರಿ. ಅಲರ್ಜಿ ಎಂದಷ್ಟೇ ಬರೆದರೆ ಸಾಲದು, ಏನಾಯಿತು ಎಂಬುದೂ ಬೇಕು: ದದ್ದು ಎದ್ದಿತೇ, ಉಸಿರು ಕಟ್ಟಿತೇ? ಶ್ರವಣಯಂತ್ರ, ಶಂಟ್ (ಮೆದುಳಿನಲ್ಲಿ ಹೆಚ್ಚಾದ ದ್ರವವನ್ನು ಹರಿಸುವ ಕೊಳವೆ), ಫೀಡಿಂಗ್ ಟ್ಯೂಬ್ ಏನಿದ್ದರೂ ಅದರ ಮಾಡೆಲ್ ಮತ್ತು ಅಳತೆ. ಮಗು 'ಹೌದು', 'ಬೇಡ' ಎಂಬುದನ್ನು ಹೇಗೆ ತಿಳಿಸುತ್ತದೆ, ನೋವಾದಾಗ ಏನು ಮಾಡುತ್ತದೆ ಎಂಬ ಎರಡು ಸಾಲು. ಮಾತು ಬಾರದ ಮಗುವಾದರೆ ರಕ್ತದ ಗುಂಪಿಗಿಂತ ಈ ಎರಡು ಸಾಲು ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಔಷಧಿಯ ಸಾಲನ್ನು ಬಹಳ ಎಚ್ಚರದಿಂದ ಬರೆಯಬೇಕು. 'ಸಿರಪ್ 5 ಮಿ.ಲೀ.' ಎಂಬುದಕ್ಕೆ ಅರ್ಥವೇ ಇಲ್ಲ. ಪ್ಯಾರಾಸಿಟಮಾಲ್ ಸಿರಪ್ಪೇ 5 ಮಿ.ಲೀ.ಗೆ 120 ಮಿ.ಗ್ರಾಂ. ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಬಾಟಲಿ ಬದಲಾದರೆ ಅದೇ ಚಮಚದಲ್ಲಿ ಡೋಸು ಎರಡರಷ್ಟಾಗುತ್ತದೆ. ಔಷಧಿಯ ಹೆಸರು, ಬಾಟಲಿಯ ಮೇಲಿನ ಪ್ರಮಾಣ, ಕೊಡುವ ಮಿ.ಗ್ರಾಂ., ಅದು ಎಷ್ಟು ಮಿ.ಲೀ., ಯಾವ ಹೊತ್ತಿಗೆ, ಬರೆದುಕೊಟ್ಟವರು ಯಾರು. ಫಿಟ್ಸ್ ಇರುವ ಮಗುವಾದರೆ ಮಾಮೂಲಿ ಫಿಟ್ಸ್ ಹೇಗಿರುತ್ತದೆ ಎಂಬ ವರ್ಣನೆ, 5 ನಿಮಿಷ ದಾಟಿದರೆ ಕೊಡಬೇಕಾದ ತುರ್ತು ಔಷಧಿ. ಪುಟದ ಕೆಳಗೆ ಅದನ್ನು ತಿದ್ದಿದ ದಿನಾಂಕ. ದಿನಾಂಕ ಕಾಣದಿದ್ದರೆ ಯಾವ ವೈದ್ಯರೂ ಅದನ್ನು ನಂಬುವುದಿಲ್ಲ, ನಂಬಲೂಬಾರದು.

ಇನ್ನು ದಿನದ ಬಳಕೆ. ಆಸ್ಪತ್ರೆಯಿಂದ ಬಂದ ಕಾಗದದ ಬಲ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ದಿನಾಂಕ, ಪಕ್ಕದಲ್ಲಿ ಒಂದೇ ಪದದ ವಿಷಯ. ಫೋನಿನಲ್ಲಿ ಸ್ಕ್ಯಾನ್. ಹಾಳೆಯ ಎಡ ಅಂಚನ್ನು ಮಧ್ಯಕ್ಕೆ ಸರಿಯಾಗಿ ಚಿವುಟಿ ಗುರುತು ಮಾಡಿ, ಪಂಚಿಂಗ್ ಮಷೀನಿನ ಗುರುತಿಗೆ ಕೂರಿಸಿ ಒತ್ತುವುದು. ಮಾಮೂಲಿ ಎರಡು ತೂತಿನ ಮಷೀನು ಸಾಕು, ಅದರ 80 ಮಿ.ಮೀ. ಅಂತರ ನಾಲ್ಕು ರಿಂಗಿನ ನಡುವಿನೆರಡಕ್ಕೆ ಹೊಂದುತ್ತದೆ. ಹೊಸ ಹಾಳೆ ಯಾವಾಗಲೂ ಮೇಲೆ. ಔಷಧಿ ಬದಲಾದರೆ ಹಳೆಯ ಸಾಲನ್ನು ಅಳಿಸಬೇಡಿ. ಒಂದೇ ಗೆರೆ ಎಳೆದು, ಬಿಟ್ಟ ದಿನಾಂಕ ಮತ್ತು ಯಾಕೆ ಬಿಟ್ಟದ್ದು ಎಂದು ಬರೆಯಿರಿ. 'ನಿದ್ದೆ ಕೆಟ್ಟಿತು' ಎಂಬ ಎರಡು ಪದ ಇದ್ದರೆ, ಮೂರು ವರ್ಷದ ನಂತರ ಬೇರೆ ವೈದ್ಯರು ಅದೇ ಮಾತ್ರೆ ಬರೆಯಲು ಹೊರಟಾಗ ತೋರಿಸಬಹುದು.

ಸ್ಕ್ಯಾನಿನ ಹೆಸರು ವರ್ಷದಿಂದ ಶುರುವಾಗಬೇಕು: 2024-03-18-ನರರೋಗ-ಚೀಟಿ. ಹಾಗಿಟ್ಟರೆ ಫೋನು ತಾನೇ ಕಾಲಕ್ರಮದಲ್ಲಿ ಜೋಡಿಸುತ್ತದೆ. ದಿನದಿಂದ ಶುರುಮಾಡಿದರೆ ಎಲ್ಲ ವರ್ಷಗಳ 18ನೇ ತಾರೀಖೂ ಒಂದೇ ಕಡೆ ಬಂದು ಬೀಳುತ್ತವೆ. ಆಡಿಯೋಗ್ರಾಮನ್ನು (ಕಿವಿ ಪರೀಕ್ಷೆಯ ನಕ್ಷೆ) ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಕೆಂಪು ಸೊನ್ನೆ ಬಲಗಿವಿ, ನೀಲಿ ಗುಣಾಕಾರ ಎಡಗಿವಿ. ಕಪ್ಪು-ಬಿಳುಪಿನಲ್ಲಿ ಎರಡು ಗೆರೆ ಒಂದರ ಮೇಲೊಂದು ಬಂದಲ್ಲಿ ಗೊತ್ತಾಗುವುದಿಲ್ಲ. ಎಂಆರ್‌ಐ ಸಿಡಿಯನ್ನು ಕವರಿನಲ್ಲಿಟ್ಟು ಮರೆಯಬೇಡಿ, ಸಿಡಿ ಓದುವ ಕಂಪ್ಯೂಟರೇ ಅಪರೂಪವಾಗಿದೆ. ಒಳಗಿನ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿಡಿ, ಚಿತ್ರಗಳನ್ನಷ್ಟೇ ಆರಿಸಿದರೆ ಅದು ತೆರೆಯದೇ ಹೋಗಬಹುದು.

ಶಾಲೆಯ ವಿಭಾಗದಲ್ಲಿ ಫೈಲಿನ ನಿಜವಾದ ಬೆಲೆ ತಿಳಿಯುತ್ತದೆ. ಹಳೆಯ ಐಇಪಿ, ಹೊಸ ಐಇಪಿ ಎರಡನ್ನೂ ರಿಂಗಿನಿಂದ ತೆಗೆದು ಅಕ್ಕಪಕ್ಕ ಇಟ್ಟರೆ, ಅದೇ ಗುರಿ ಅದೇ ಪದಗಳಲ್ಲಿ ಮತ್ತೆ ಬಂದಿರುವುದು ಒಮ್ಮೆಲೇ ಕಾಣುತ್ತದೆ. ಫೋನಿನ ಪರದೆಯಲ್ಲಿ ಇದು ಆಗುವ ಕೆಲಸವಲ್ಲ. 'ಓದು ಸುಧಾರಿಸುವುದು' ಎಂಬುದು ಗುರಿಯಲ್ಲ. 'ಎರಡಕ್ಷರದ ಪದಗಳನ್ನು 10ರಲ್ಲಿ 4 ಓದುತ್ತಾನೆ, ಈ ಅವಧಿಯ ಕೊನೆಗೆ 8' ಎಂದಿರಬೇಕು. ಮಗುವಿನ ಬರವಣಿಗೆಯ ಮಾದರಿ ಅವಧಿಗೆ ಎರಡು ಸಾಕು, ಆದರೆ ಪ್ರತಿಯೊಂದರ ಹಿಂದೆ ಎಷ್ಟು ಸಹಾಯ ಕೊಟ್ಟರು ಎಂದು ಬರೆದಿರಬೇಕು: ತಾನೇ ಬರೆದದ್ದೋ, ಚುಕ್ಕಿ ಕೂಡಿಸಿದ್ದೋ, ಕೈ ಹಿಡಿದು ಬರೆಸಿದ್ದೋ. ಅದಿಲ್ಲದ ಮಾದರಿ ಬರೀ ಅಂದದ ಹಾಳೆ.

ಮನಃಶಾಸ್ತ್ರಜ್ಞರ ವರದಿಯ ಎಲ್ಲ ಪುಟಗಳೂ ಬೇಕು, ಕೊನೆಯ ಸಾರಾಂಶ ಮಾತ್ರ ಸಾಲದು. ಮೀಟಿಂಗಿನಲ್ಲಿ ಯಾರೋ ಒಬ್ಬರು ಪರ್ಸೆಂಟೈಲನ್ನು ಪರೀಕ್ಷೆಯ ಅಂಕವೆಂದು ಓದಿಯೇ ಓದುತ್ತಾರೆ. ಪರ್ಸೆಂಟೈಲ್ 16 ಎಂದರೆ ನೂರಕ್ಕೆ 16 ಬಂತು ಎಂದಲ್ಲ, ಅದೇ ವಯಸ್ಸಿನ 100 ಮಕ್ಕಳಲ್ಲಿ ಸುಮಾರು 16 ಮಂದಿ ಈ ಮಗುವಿಗಿಂತ ಕೆಳಗಿದ್ದಾರೆ ಎಂದು. ವರದಿಯ ಪೂರ್ತಿ ಕೋಷ್ಟಕ ಕೈಯಲ್ಲಿದ್ದರೆ ಅಲ್ಲೇ ತೋರಿಸಿ ಮುಗಿಸಬಹುದು.

ಶಾಲೆಗೆ ಇಡೀ ಫೈಲು ಕೊಡಬೇಡಿ. ಅವರಿಗೆ ಬೇಕಾದದ್ದು ಅಲರ್ಜಿ, ತುರ್ತು ಯೋಜನೆ, ಕೂರುವ ಜಾಗ, ಉಪಕರಣದ ಬಳಕೆ. ಜೆನೆಟಿಕ್ ವರದಿಯಿಂದ ತರಗತಿಗೆ ಆಗಬೇಕಾದದ್ದೇನಿಲ್ಲ. ತೆಳುವಾದ ಎರಡನೆಯ ಫೈಲೊಂದು ಅದಕ್ಕೆ ಸಾಕು.

ಕಾಗದ ಇನ್ನೂ ಕಡಿಮೆಯಿದ್ದರೆ ಅಗ್ಗದ ಮಡಿಕೆ ಫೈಲೇ ನಡೆಯುತ್ತದೆ, ಇದು ಬೇಡ. ಎರಡು ಕಡೆಯ ಥೆರಪಿ ವರದಿ, ಐಇಪಿ ಎಲ್ಲ ಬರತೊಡಗಿದರೆ ಕೊಳ್ಳಿ. ರಟ್ಟಿನ ಮೆರುಗಿಗೆ ಹೆಚ್ಚು ಸುರಿಯದೆ ಆ ಹಣವನ್ನು ಒಳ್ಳೆಯ ಕವರು, ಅಗಲ ಡಿವೈಡರುಗಳಿಗೆ ಇಡಿ. ಅಂಗಡಿಯಲ್ಲೇ ರಿಂಗು ಮುಚ್ಚಿ ಬೆಳಕಿಗೆ ಹಿಡಿದು ನೋಡಿ. ಸಂದಿನಲ್ಲಿ ಬೆಳಕು ಕಂಡರೆ ಬೇರೆಯದು ತೆಗೆಸಿ.