ಗಾಜಿನ ಕಟ್ಟಡ, ಹಂಚಿನ ಮನೆ, ನಮ್ಮನೆ: ಅಪ್ಪನ ಆರೈಕೆಗೆ ಮೂರು ಕಡೆ ನೋಡಿದ್ದು

ಲಕ್ವ ಹೊಡೆದ ಅಪ್ಪನಿಗೆ ಎಡಗೈಯಲ್ಲಿ ಚಮಚ ಹಿಡಿದು ಉಣ್ಣಲು ಬರುತ್ತದೆ ಅಂತ ನಮಗೆ ಗೊತ್ತಾಗಿದ್ದು ಹಂಚಿನ ಮನೆಗೆ ಸೇರಿಸಿದ ನಾಲ್ಕನೇ ದಿನ. ಅದಕ್ಕೂ ಮುಂಚೆ ಐದು ವಾರ ಗಾಜಿನ ಕಟ್ಟಡದಲ್ಲಿದ್ದರು. ಅಲ್ಲಿ ಒಂದು ಹೊತ್ತೂ ಅವರ ಕೈಗೆ ಚಮಚ ಕೊಟ್ಟಿರಲಿಲ್ಲ. ಕೊರಳಿಗೆ ಬಟ್ಟೆ ಕಟ್ಟಿ, ಆಯಾ ಬಾಯಿಗಿಟ್ಟು, ತುಟಿ ಒರೆಸಿ, ಹತ್ತು ನಿಮಿಷಕ್ಕೆ ಊಟ ಮುಗಿಸುತ್ತಿದ್ದಳು. ನೋಡೋಕೆ ಎಷ್ಟು ಚೆಂದ ಅಂದರೆ, ನಾನೇ ಅವಳ ಕೈಗೆ ನೂರು ರೂಪಾಯಿ ಇಟ್ಟು ಬಂದಿದ್ದೆ.

ಎರಡೂ ನರ್ಸಿಂಗ್ ಹೋಂಗಳು, ಈ ಹೆಸರುಗಳು ಅಮ್ಮ ಇಟ್ಟಿದ್ದು. ಗಾಜಿನ ಕಟ್ಟಡ ಬೆಂಗಳೂರಿನ ಅಂಚಿನಲ್ಲಿದೆ. ಲಿಫ್ಟು, ಎ.ಸಿ., ಜಾರದ ನೆಲ, ಮುಂದೆ ಹುಲ್ಲುಹಾಸು. ಹಂಚಿನ ಮನೆ ನಮ್ಮ ತುಮಕೂರಿನದೇ, ಹಳೇ ಮನೆಯೊಂದನ್ನು ಬಾಡಿಗೆಗೆ ಹಿಡಿದು ಹನ್ನೊಂದು ಮಂಚ ಹಾಕಿದ್ದಾರೆ. ಮೂರನೆಯದು ಎಸ್.ಎಸ್. ಪುರಂನ ನಮ್ಮ ಸ್ವಂತ ಮನೆ. ಮೊದಲೆರಡರ ನಿಜ ಹೆಸರು ಬರೆಯುವುದಿಲ್ಲ.

ಅಪ್ಪನಿಗೆ ಎಪ್ಪತ್ತಾರು. ಪ್ರೈಮರಿ ಸ್ಕೂಲಿನ ಹೆಡ್ ಮೇಷ್ಟ್ರಾಗಿದ್ದವರು. ಹೋದ ವರ್ಷ ಯುಗಾದಿ ಕಳೆದು ಎರಡು ವಾರಕ್ಕೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು, ಮಾತು ಹೋಯಿತು. ಆಸ್ಪತ್ರೆಯಿಂದ ಬಿಟ್ಟಾಗ ಮೂಗಲ್ಲಿ ಊಟ ಇಳಿಸುವ ರೈಲ್ಸ್ ಟ್ಯೂಬು, ಕೆಳಗೆ ಮೂತ್ರದ ಪೈಪು. ಲಕ್ವ ಆದಮೇಲೆ ಮೊದಲ ಮೂರು ತಿಂಗಳಲ್ಲೇ ಚೇತರಿಕೆ ಜಾಸ್ತಿ, ಆಮೇಲೆ ನಿಧಾನ ಅಂತ ಡಾಕ್ಟರು ಹೇಳಿ ಕಳಿಸಿದರು. ಆ ಮಾತು ನಮ್ಮನ್ನು ಓಡಿಸಿತು. ಮದ್ದು ಕೊಡುವ ಹಳ್ಳಿಯ ವಿಳಾಸ ಹಿಡಿದು ಬಂದ ನೆಂಟರು ಏಳು ಜನ. ಅವರಿಗೆಲ್ಲ ಕಾಫಿ ಕೊಟ್ಟು ಕಳಿಸಿದೆವು.

ಯಾವುದು ಒಳ್ಳೆಯದು ಅಂತ ತಿಳಿಯೋದು ಹೇಗೆ? ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗಳು ಫೋನಿನಲ್ಲಿ, ‘ಸ್ಟಾರ್ ನೋಡಿ ಸೇರಿಸಿ ಅಕ್ಕಾ’ ಅಂದಳು. ಅಲ್ಲಿ 2008ರಿಂದ ಸರ್ಕಾರವೇ ನರ್ಸಿಂಗ್ ಹೋಂಗಳಿಗೆ ಒಂದರಿಂದ ಐದು ಸ್ಟಾರ್ ಕೊಡುತ್ತದೆ. ತಪಾಸಣೆಯಲ್ಲಿ ಏನು ಸಿಕ್ಕಿತು, ಒಬ್ಬ ರೋಗಿಗೆ ಎಷ್ಟು ಸಿಬ್ಬಂದಿ, ರೋಗಿಗಳ ಸ್ಥಿತಿ ಹೇಗಿದೆ, ಈ ಮೂರನ್ನೂ ನೋಡುತ್ತಾರೆ. ನಮಗೆ ಸಿಕ್ಕಿದ್ದು ಗೂಗಲ್ಲಿನ ಸ್ಟಾರು. ‘ಸೂಪರ್ ಆಂಬಿಯನ್ಸ್’ ಅಂತ ಒಬ್ಬರು ಐದು ಕೊಟ್ಟಿದ್ದರು. ಎದ್ದು ಕೂರಲಾಗದವರು ಆಂಬಿಯನ್ಸ್ ಇಟ್ಟುಕೊಂಡು ಏನು ಮಾಡಬೇಕೋ!

ಕಾನೂನಿನ ಒಂದು ಗೀಟು ಇಲ್ಲೂ ಇದೆ, ಅದನ್ನಾದರೂ ನೋಡಿ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆ ಪ್ರಕಾರ ರಾಜ್ಯದ ಖಾಸಗಿ ನರ್ಸಿಂಗ್ ಹೋಂಗಳು ನೋಂದಣಿ ಮಾಡಿಸಬೇಕು, ದರ ಜನರ ಕಣ್ಣಿಗೆ ಬೀಳುವಂತೆ ಹಾಕಬೇಕು. ಗಾಜಿನ ಕಟ್ಟಡದಲ್ಲಿ ಸರ್ಟಿಫಿಕೇಟು ರಿಸೆಪ್ಷನ್ ಗೋಡೆಯ ಮೇಲೆ ಫ್ರೇಮಿನಲ್ಲಿತ್ತು. ಹಂಚಿನ ಮನೆಯಲ್ಲಿ ಕೇಳಿದಾಗ ಬೀರುವಿನಿಂದ ತೆಗೆದು ತೋರಿಸಿದರು. ಗೋಡೆಗೆ ಯಾಕೆ ಹಾಕಿಲ್ಲ ಅಂದರೆ, ‘ಮಳೆಗೆ ಗೋಡೆ ಒದ್ದೆ ಆಗ್ತದಮ್ಮ’ ಅಂದರು. ಒದ್ದೆ ಇದ್ದದ್ದು ನಿಜ.

ಅಪ್ಪ ಎಷ್ಟು ಸುಧಾರಿಸಿದರು ಅಂತ ಅಳೆಯಲು ಒಂದು ಪಟ್ಟಿ ಸಿಕ್ಕಿತು, ಬಾರ್ಥೆಲ್ ಇಂಡೆಕ್ಸ್ ಅಂತ. 1965ರದು, ಇವತ್ತಿಗೂ ಬಳಸುತ್ತಾರೆ. ಉಣ್ಣೋದು, ಸ್ನಾನ, ಮುಖ ತೊಳೆದು ತಲೆ ಬಾಚೋದು, ಬಟ್ಟೆ ಹಾಕಿಕೊಳ್ಳೋದು, ಮಲದ ಹಿಡಿತ, ಮೂತ್ರದ ಹಿಡಿತ, ಕಕ್ಕಸಿಗೆ ಹೋಗೋದು, ಮಂಚದಿಂದ ಕುರ್ಚಿಗೆ ಬರೋದು, ನಡೆಯೋದು, ಮೆಟ್ಟಿಲು ಹತ್ತೋದು. ಹತ್ತು ಕೆಲಸ, ಒಟ್ಟು ನೂರು ಅಂಕ. ಅಪ್ಪ ಜೀವಮಾನವಿಡೀ ಮಕ್ಕಳಿಗೆ ಅಂಕ ಕೊಟ್ಟವರು. ಈಗ ಪ್ರತಿ ಭಾನುವಾರ ನಾನು ಅವರಿಗೆ ಕೊಡಲು ಶುರುಮಾಡಿದೆ. ಆಸ್ಪತ್ರೆಯಿಂದ ಹೊರಟ ದಿನ ಹತ್ತು.

ಈ ಪಟ್ಟಿಯಲ್ಲಿ ನನಗೆ ಹಿಡಿಸಿದ್ದು ಒಂದು. ರೋಗಿಗೆ ಏನು ಮಾಡಲು ಸಾಧ್ಯ ಅಂತ ಇದು ಕೇಳುವುದಿಲ್ಲ, ದಿನಾ ಏನು ಮಾಡುತ್ತಾರೆ ಅಂತ ಕೇಳುತ್ತದೆ. ಯಾರೋ ಬಾಯಿಗಿಟ್ಟರೆ ಊಟಕ್ಕೆ ಸೊನ್ನೆ. ಹೊಟ್ಟೆ ತುಂಬಿದ್ದಕ್ಕೆ ಅಂಕವಿಲ್ಲ.

ಮೊದಲು ಗಾಜಿನ ಕಟ್ಟಡಕ್ಕೆ ಸಲ್ಲಬೇಕಾದ್ದು ಸಲ್ಲಲಿ. ಅಲ್ಲಿ ವಾರಕ್ಕೆ ಎರಡು ಸಲ ಸ್ಪೀಚ್ ಥೆರಪಿಸ್ಟ್ ಬರುತ್ತಿದ್ದರು. ಮಾತಿಗಿಂತ ಮೊದಲು ನುಂಗುವುದನ್ನು ನೋಡಿದರು. ಗಂಟಲು ಸೋತವರಿಗೆ ಗಂಜಿಗಿಂತ ನೀರೇ ಅಪಾಯ ಅಂತ ನನಗೆ ಗೊತ್ತೇ ಇರಲಿಲ್ಲ. ತೆಳು ನೀರು ಸರ್ರನೆ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಅವರು ಗಟ್ಟಿ ರಾಗಿ ಗಂಜಿಯಿಂದ ಶುರುಮಾಡಿಸಿ, ಮೂರನೇ ವಾರಕ್ಕೆ ಮೂಗಿನ ಟ್ಯೂಬು ತೆಗೆಸಿದರು. ಊಟ ಆದಮೇಲೆ ಅರ್ಧ ಗಂಟೆ ಮಲಗಿಸಕೂಡದು ಅಂತ ಮಂಚದ ತಲೆಗೆ ಚೀಟಿ ಅಂಟಿಸಿದರು. ಮುದ್ದೆ ಯಾವಾಗ ಕೊಡಬಹುದು ಅಂತ ಅಮ್ಮ ಕೇಳಿದಳು. ‘ಮುದ್ದೇನ ನೀವು ಅಗಿಯಲ್ಲ ಅಲ್ವಾ, ಹಾಗೇ ನುಂಗ್ತೀರ. ಅದು ಕೊನೇಗೆ’ ಅಂದರು ಆ ಹುಡುಗಿ. ಎರಡು ತುತ್ತಿನಲ್ಲಿ ಅರ್ಧ ಮುದ್ದೆ ಇಳಿಸುತ್ತಿದ್ದ ಅಪ್ಪನ ಮುಖ ಆಗ ನೋಡಬೇಕಿತ್ತು.

ಔಷಧಿ, ಬಿ.ಪಿ., ಸಕ್ಕರೆ, ಎಲ್ಲವೂ ಗಡಿಯಾರದಂತೆ. ಮೂತ್ರದ ಚೀಲ ಒಮ್ಮೆಯೂ ನೆಲಕ್ಕೆ ತಾಗಿದ್ದಿಲ್ಲ. ಮಲಗಿ ಮಲಗಿ ಹುಣ್ಣಾಗದಿರಲಿ ಅಂತ ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಿದ್ದಕ್ಕೆ ಚಾರ್ಟಿನಲ್ಲಿ ಸಹಿ. ಆದರೆ ಒಂದು ದಿನ ನಾಲ್ಕು ಗಂಟೆಗೆ ಹೋದಾಗ, ಆರು ಗಂಟೆಯ ಸಹಿ ಆಗಲೇ ಬಿದ್ದಿತ್ತು! ನಾನು ಏನೂ ಅನ್ನದೆ ಅಪ್ಪನ ಬೆನ್ನು ನೋಡಿದೆ. ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ, ಎಲ್ಲೂ ಕೆಂಪು ಇರಲಿಲ್ಲ. ತಿರುಗಿಸುತ್ತಿದ್ದದ್ದಂತೂ ನಿಜ. ಸಹಿ ಮಾತ್ರ ಒಟ್ಟಿಗೆ ಹಾಕುತ್ತಿದ್ದರು ಅಂತ ಕಾಣುತ್ತದೆ.

ನನಗೆ ಕಸಿವಿಸಿ ಆಗಿದ್ದು ಬೇರೆ. ಅಪ್ಪ ಅಲ್ಲಿ ‘ಒಂಬತ್ತನೇ ಬೆಡ್’. ಫಿಸಿಯೋ ದಿನಕ್ಕೆ ಇಪ್ಪತ್ತು ನಿಮಿಷ. ಅದರಲ್ಲೂ ಅರ್ಧ ಹೊತ್ತು ಮಷಿನ್ನಿನಿಂದ ಕರೆಂಟ್ ಕೊಡೋದು, ಉಳಿದರ್ಧ ಅವರೇ ಅಪ್ಪನ ಕಾಲು ಮಡಚಿ ಬಿಡಿಸೋದು. ಅಪ್ಪ ಛಾವಣಿ ನೋಡುತ್ತಾ ಮಲಗಿರುತ್ತಿದ್ದರು. ಕಕ್ಕಸಿಗೆ ಕರೆದುಕೊಂಡು ಹೋಗಿ ಅಂದರೆ, ‘ಬಿದ್ದರೆ ನಮ್ಮ ತಲೆಗೆ ಬರುತ್ತೆ ಮೇಡಂ, ಡೈಪರ್ ಇದೆಯಲ್ಲ’ ಅನ್ನುತ್ತಿದ್ದರು. ಬೀಳದ ಹಾಗೆ ನೋಡಿಕೊಂಡರು. ಏಳದ ಹಾಗೂ ನೋಡಿಕೊಂಡರು. ಐದು ವಾರದ ಕೊನೆಗೆ ಅಂಕ ಇಪ್ಪತ್ತು.

ಹಂಚಿನ ಮನೆ ನಡೆಸುವವರು ನಿವೃತ್ತ ನರ್ಸು. ಮೊದಲ ದಿನವೇ ಅಪ್ಪನ ಹಳೇ ಕೆಲಸ ಕೇಳಿ, ಅವತ್ತಿನಿಂದ ‘ಮೇಷ್ಟ್ರೇ’ ಅಂತಲೇ ಕರೆದರು. ನಾಲ್ಕನೇ ದಿನ ನಾನು ಹೋದಾಗ ಊಟದ ಹೊತ್ತು. ಅಪ್ಪನ ಎಡಗೈಯಲ್ಲಿ ಚಮಚ. ಅಂಗಿ ತುಂಬಾ ಸಾರು, ನೆಲದ ಮೇಲೆ ಅನ್ನ. ನನಗೆ ಸಿಟ್ಟು ಬಂದು ಚಮಚ ತೆಗೆದುಕೊಳ್ಳಲು ಹೋದೆ. ಸಿಸ್ಟರ್ ನನ್ನ ಕೈ ತಡೆದರು. ‘ಬೀಳ್ಲಿ ಬಿಡಿ. ಅಂಗಿ ಒಗೀಬಹುದು.’ ಅವತ್ತು ಊಟಕ್ಕೆ ಐವತ್ತು ನಿಮಿಷ ಹಿಡಿಯಿತು. ಮುಗಿದಮೇಲೆ ಅಪ್ಪ ಖಾಲಿ ತಟ್ಟೆಯನ್ನು ನನ್ನ ಕಡೆ ತಳ್ಳಿ ತೋರಿಸಿದರು. ಸ್ಲೇಟು ತೋರಿಸುವ ಒಂದನೇ ಕ್ಲಾಸಿನ ಹುಡುಗನ ಥರ.

ಅಲ್ಲಿ ಮಷಿನ್ನಿಲ್ಲ. ಬೆಳಿಗ್ಗೆ, ಸಂಜೆ ಫಿಸಿಯೋ ಓದಿದ ಹುಡುಗನೊಬ್ಬ ಬರುತ್ತಾನೆ. ಪ್ಲಾಸ್ಟಿಕ್ ಕುರ್ಚಿಯಿಂದ ಹತ್ತು ಸಲ ಎದ್ದು ಕೂರಿಸುತ್ತಾನೆ. ಆಮೇಲೆ ಹಿತ್ತಿಲಿನ ನಲ್ಲಿಯವರೆಗೆ ನಡೆಸುತ್ತಾನೆ, ಅಲ್ಲೇ ಮುಖ ತೊಳೆಸುತ್ತಾನೆ. ಎಣಿಸುವ ಕೆಲಸ ಅಪ್ಪನದೇ. ಇದು ವಿಚಿತ್ರ, ‘ನೀರು ಕೊಡಿ’ ಅನ್ನಲು ಬಾರದ ಅಪ್ಪ ಒಂದರಿಂದ ಹತ್ತು ಎಣಿಸಿದರು. ಎರಡರ ಮಗ್ಗಿ ಶುರುಮಾಡಿಕೊಟ್ಟರೆ ಇಪ್ಪತ್ತರವರೆಗೆ ಒಂದೇ ಉಸಿರಿಗೆ ಹೇಳಿದರು. ಬಾಯಿಪಾಠ ಆಗಿದ್ದು ಮಾತು ಹೋದಮೇಲೂ ಉಳಿಯುವುದು ಉಂಟು ಅಂತ ಸ್ಪೀಚ್ ಥೆರಪಿಸ್ಟ್ ಮೊದಲೇ ಹೇಳಿದ್ದರು. ಹೇಳಿದ್ದು ಆ ಕಡೆಯವರು, ಅದನ್ನು ದಿನಾ ಬಳಸಿದ್ದು ಈ ಕಡೆಯವರು. ಪೈಪು ತೆಗೆಸಿ, ಎರಡು ಗಂಟೆಗೊಮ್ಮೆ ಕಕ್ಕಸಿಗೆ ಕೂರಿಸಿ ಅಭ್ಯಾಸ ಮಾಡಿಸಿದ್ದೂ ಇವರೇ. ನನ್ನ ತಮ್ಮ ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ತಂದಾಗ, ಸಿಸ್ಟರ್ ಅದನ್ನು ಸಾಂಬಾರಿನಲ್ಲಿ ನೆನೆಸಿ ಅಪ್ಪನ ಮುಂದಿಟ್ಟು, ಸುಮ್ನೆ ಪಕ್ಕದಲ್ಲಿ ಕೂತರು.

ಇಷ್ಟು ಹೊಗಳಿದಮೇಲೆ ರಾತ್ರಿಯ ಕಥೆ ಹೇಳದಿದ್ದರೆ ತಪ್ಪಾಗುತ್ತದೆ.

ನನ್ನ ಆಫೀಸು ಬೆಂಗಳೂರಿನಲ್ಲಿ. ಯಶವಂತಪುರದಿಂದ ದಿನಾ ರೈಲು. ಒಂದು ದಿನ ರೈಲು ತಡವಾಗಿ, ಹತ್ತೂವರೆಗೆ ಇಳಿದವಳು ಹಾಗೇ ಹಂಚಿನ ಮನೆಗೆ ಹೋದೆ. ಗೇಟು ತೆಗೆದರು. ಹನ್ನೊಂದು ಜನಕ್ಕೆ ಒಬ್ಬನೇ ಅಟೆಂಡರ್, ಅವನೂ ನಿದ್ದೆಗಣ್ಣಿನಲ್ಲಿದ್ದ. ಅಪ್ಪನ ಡೈಪರ್ ಒದ್ದೆ. ಬಲ ಹಿಮ್ಮಡಿ ಕೆಂಪಗಿತ್ತು. ಬೆರಳಿನಿಂದ ಒತ್ತಿದೆ. ಒತ್ತಿದಾಗ ಬೆಳ್ಳಗಾಗಿ ಬಿಟ್ಟಾಗ ಕೆಂಪಾದರೆ ಪರವಾಗಿಲ್ಲ, ಒತ್ತಿದರೂ ಕೆಂಪಗೇ ಇದ್ದರೆ ಹಾಸಿಗೆ ಹುಣ್ಣಿನ, ಅಂದರೆ ಬೆಡ್ ಸೋರಿನ, ಮೊದಲ ಹೆಜ್ಜೆ. ಅಪ್ಪನದು ಕೆಂಪಗೇ ಇತ್ತು.

ಬೆಳಿಗ್ಗೆ ಕೇಳಿದೆ. ಸಿಸ್ಟರ್ ಇಲ್ಲ ಅನ್ನಲಿಲ್ಲ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿ ನಿಲ್ಲುವಂತೆ ಮಾಡಿದರು, ಏರ್ ಬೆಡ್ ತರಿಸಿದರು. ವಾರದಲ್ಲಿ ಕೆಂಪು ಹೋಯಿತು. ಆದರೆ ರಾತ್ರಿಗೆ ಇನ್ನೊಬ್ಬರನ್ನು ಇಡಲು ಅವರಿಂದ ಆಗಲಿಲ್ಲ. ನಾವೇ ರಾತ್ರಿಗೆ ಆರುನೂರರಂತೆ ಒಬ್ಬರನ್ನು ಗೊತ್ತುಮಾಡಿದೆವು. ಇದು ಸಣ್ಣ ತಪ್ಪೇನಲ್ಲ. ಮಕ್ಕಳು ದೂರದಲ್ಲಿದ್ದು, ಹೀಗೆ ಹೊತ್ತುಗೊತ್ತಿಲ್ಲದೆ ಹೋಗಿ ನೋಡುವವರಿಲ್ಲದಿದ್ದರೆ ನಾನು ಹಂಚಿನ ಮನೆ ಸೇರಿಸಿ ಅನ್ನುವುದಿಲ್ಲ.

ಗಾಜಿನ ಕಟ್ಟಡದ ರಾತ್ರಿ ಹೇಗಿತ್ತು? ನನಗೆ ಗೊತ್ತಾಗಲೇ ಇಲ್ಲ. ಅಲ್ಲಿ ನೋಡಲು ಬಿಡುತ್ತಿದ್ದದ್ದು ನಾಲ್ಕರಿಂದ ಆರು, ಅದೂ ಫೋನ್ ಮಾಡಿ ಹೋಗಬೇಕು. ಹಂಚಿನ ಮನೆಯ ತಪ್ಪು ನನ್ನ ಕಣ್ಣಿಗೆ ಬಿದ್ದದ್ದು ಅವರು ಗೇಟು ತೆಗೆದದ್ದಕ್ಕೆ.

ದುಡ್ಡಿನ ವಿಚಾರ. ಗಾಜಿನ ಕಟ್ಟಡ ತಿಂಗಳಿಗೆ 48,000 ಅಂದರು. ಡೈಪರ್, ಔಷಧಿ, ಸ್ಪೀಚ್ ಥೆರಪಿ ಎಲ್ಲ ಸೇರಿ ಬಿಲ್ಲು ಬಂದದ್ದು 63,000. ಹಂಚಿನ ಮನೆ ಫಿಸಿಯೋ ಸೇರಿ 30,000. ಅಗ್ಗ ಅಂತ ಖುಷಿಪಟ್ಟೆವು. ರಾತ್ರಿಯವರ 18,000 ಸೇರಿಸಿದರೆ ಅದೂ ನಲವತ್ತೆಂಟಕ್ಕೇ ಬಂತು! ಸೇರಿಸುವ ಮೊದಲು ‘ಇದರಲ್ಲಿ ಏನೇನು ಸೇರಿಲ್ಲ’ ಅಂತ ಕೇಳಿ ಬರೆಸಿಕೊಳ್ಳಿ. ಏನು ಸೇರಿದೆ ಅಂತ ಅವರೇ ಹೇಳುತ್ತಾರೆ.

ಎಂಟು ವಾರ ಕಳೆದು ಹಂಚಿನ ಮನೆಯಿಂದ ಹೊರಟಾಗ ಅಂಕ ಐವತ್ತೈದು. ಇಪ್ಪತ್ತರಿಂದ ಐವತ್ತೈದು. ಪೂರ್ತಿ ಅವರದೇ ಕೈಗುಣ ಅಂತ ಹೇಳಲಾರೆ. ಮೆದುಳು ತಾನಾಗೇ ಸುಧಾರಿಸುವ ಕಾಲವೂ ಅದೇ. ಗಾಜಿನ ಕಟ್ಟಡಕ್ಕೆ ಸಿಕ್ಕಿದ್ದು ತೀರಾ ಮೆತ್ತಗಾಗಿದ್ದ ಅಪ್ಪ, ಇವರಿಗೆ ಸಿಕ್ಕಿದ್ದು ಕೂರಬಲ್ಲ ಅಪ್ಪ. ಆದರೂ ಊಟದ ಅಂಕ ನಾಲ್ಕೇ ದಿನಕ್ಕೆ ಸೊನ್ನೆಯಿಂದ ಐದಾಯಿತಲ್ಲ, ಅದಕ್ಕೆ ಮೆದುಳಿನ ಕಾರಣ ಕೊಡಲು ನನ್ನಿಂದ ಆಗದು. ಕೈ ಮೊದಲೇ ತಯಾರಿತ್ತು. ಚಮಚ ಸಿಕ್ಕಿರಲಿಲ್ಲ ಅಷ್ಟೆ.

ಮನೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಮ್ಮದನ್ನು ನಾವೇ ತೂಗುವುದು ಕಷ್ಟ. ಏಜೆನ್ಸಿಯಿಂದ ಹೋಮ್ ನರ್ಸ್ ತರಿಸಿದೆವು. ಹೆಸರಿಗೆ ನರ್ಸು. ಜಿ.ಎನ್.ಎಂ. ಅನ್ನುವ ನರ್ಸಿಂಗ್ ಡಿಪ್ಲೊಮಾ ಅಂದರೆ ಮೂರು ವರ್ಷದ ಓದು, ನಮಗೆ ಬಂದವರು ಯಾರೂ ಅದನ್ನು ಓದಿರಲಿಲ್ಲ. ಮೊದಲನೆಯವನು ಹನ್ನೆರಡು ದಿನಕ್ಕೆ ಹೋದ. ಎರಡನೆಯವನು ಅಪ್ಪನನ್ನು ಎಬ್ಬಿಸಲು ಬಿದ್ದ ಕೈಯನ್ನೇ ಹಿಡಿದೆಳೆದ. ಬಲ ಕಳೆದುಕೊಂಡ ಭುಜ ಸಡಿಲವಾಗಿರುತ್ತದೆ, ಅದನ್ನು ಎಳೆಯಲೇಬಾರದು. ಮೂರು ವಾರ ಅಪ್ಪ ಭುಜದ ನೋವಿಗೆ ರಾತ್ರಿ ನಿದ್ದೆ ಮಾಡಲಿಲ್ಲ. ಮೂರನೆಯವನು ಸಿರಾ ಕಡೆಯ ಹುಡುಗ. ಸೊಂಟಕ್ಕೆ ಬೆಲ್ಟು ಕಟ್ಟಿ ಎಬ್ಬಿಸುತ್ತಾನೆ. ಅವನು ಇನ್ನೂ ಇದ್ದಾನೆ, ದೇವರ ದಯೆ. ಅವನಿಗೆ 24,000, ಮನೆಗೆ ಬರುವ ಫಿಸಿಯೋಗೆ ಸಲಕ್ಕೆ 500. ಅಮ್ಮನ ಸೊಂಟ ನೋವು ಈ ಲೆಕ್ಕದಲ್ಲಿಲ್ಲ.

ಮನೆಯಲ್ಲಿ ಗಾಜಿನ ಕಟ್ಟಡದ ಕಾಯಿಲೆ ನಮಗೇ ಅಂಟಿತ್ತು. ಅಪ್ಪ ಗುಂಡಿ ಹಾಕಿಕೊಳ್ಳಲು ಒದ್ದಾಡಿದರೆ ಅಮ್ಮ ಓಡಿಹೋಗಿ ಹಾಕುತ್ತಾಳೆ. ನಾನು ಬೈದರೆ, ‘ಐವತ್ತು ವರ್ಷ ಮಾಡಿದೀನಿ, ಈಗ ಬಿಡು ಅಂದ್ರೆ ಹೇಗೆ ಬಿಡ್ಲಿ?’ ಅನ್ನುತ್ತಾಳೆ. ಅದಕ್ಕೆ ಬಾರ್ಥೆಲ್ ಪಟ್ಟಿಯಲ್ಲಿ ಉತ್ತರವಿಲ್ಲ. ಬಟ್ಟೆಗೆ ಇನ್ನೂ ಐದರ ಮೇಲೆ ಅಂಕ ಏರಿಲ್ಲ.

ಪಕ್ಕದ ಬೀದಿಯವರೊಬ್ಬರು ಹೋದ ವಾರ ಬಂದಿದ್ದರು. ಅವರ ಅತ್ತೆಗೂ ಲಕ್ವ. ಯಾವುದಕ್ಕೆ ಸೇರಿಸಲಿ ಅಂದರು. ಈಗಲೂ ಮೂಗಿನಲ್ಲಿ ಟ್ಯೂಬಿದ್ದರೆ, ನುಂಗಲು ಬಾರದಿದ್ದರೆ, ಗಾಜಿನ ಕಟ್ಟಡ. ಟ್ಯೂಬು ತೆಗೆದು, ಹತ್ತು ನಿಮಿಷ ಆಸರೆಯಿಲ್ಲದೆ ಕೂರುವಂತಾದ ದಿನವೇ ಹಂಚಿನ ಮನೆ, ರಾತ್ರಿಗೆ ನಿಮ್ಮವರೊಬ್ಬರು ಇರುವುದಾದರೆ. ನಾವು ಆ ದಿನ ಗುರುತಿಸದೆ ಗಾಜಿನ ಕಟ್ಟಡದಲ್ಲಿ ಎರಡು ವಾರ ಜಾಸ್ತಿ ಕಳೆದೆವು, ಮೂರು ತಿಂಗಳಲ್ಲಿ ಎರಡು ವಾರ. ಮತ್ತೆ ಎಲ್ಲಿಗೇ ಹೋದರೂ ಊಟದ ಹೊತ್ತಿಗೆ ಹೋಗಿ ಅಂದೆ. ಹೋಗಿ, ಚಮಚ ಯಾರ ಕೈಯಲ್ಲಿದೆ ನೋಡಿ.

ಈ ಭಾನುವಾರ ಅಪ್ಪನ ಅಂಕ ಅರವತ್ತೈದು. ಊಟಕ್ಕೆ ಪೂರ್ತಿ ಹತ್ತು. ಮೆಟ್ಟಿಲಿಗೆ ಸೊನ್ನೆ. ನಮ್ಮ ಮನೆ ಮುಂದೆ ಮೂರು ಮೆಟ್ಟಿಲಿವೆ. ಸಿರಾ ಹುಡುಗ ಅದಕ್ಕೆ ಕಂಬಿ ಹಾಕಿಸಿ ಅಂದಿದ್ದಾನೆ. ಎಡಗಡೆಗೆ.