ನರ್ಸರಿಯ ಹೂಬಿಟ್ಟ ಫೆಲನಾಪ್ಸಿಸ್: ಹೂವಿಗಿಂತ ಮೊದಲು ಬೇರು ನೋಡಿ

ಬೆಂಗಳೂರಿನ ನರ್ಸರಿಗಳಲ್ಲಿ ಹೂಬಿಟ್ಟೇ ಸಿಗುವ ಫೆಲನಾಪ್ಸಿಸ್ ಆರ್ಕಿಡ್‌ಗೆ ಕೊಟ್ಟ ದುಡ್ಡು ದಂಡವಲ್ಲ. ಒಮ್ಮೆ ಅರಳಿದ ಹೂ ಎರಡು ಮೂರು ತಿಂಗಳು ಬಾಡದೆ ನಿಲ್ಲುತ್ತದೆ. ತಕರಾರು ಇರುವುದು ಕುಂಡದೊಳಗೆ ಬಿಗಿಯಾಗಿ ತುರುಕಿದ ಸ್ಫ್ಯಾಗ್ನಮ್ ಮಾಸ್, ಅಂದರೆ ನೀರು ಹಿಡಿದಿಡುವ ಒಣ ಪಾಚಿಯ ಬಗ್ಗೆ. ಮಲೆನಾಡಿನ ಸೀತಾಳೆದಂಡೆಯ ಹಾಗೆ ಇದೂ ಮರಕ್ಕೆ ಅಂಟಿಕೊಂಡು, ಬೇರನ್ನು ಗಾಳಿಗೆ ಚಾಚಿ ಬದುಕುವ ಗಿಡ. ಮೇಲೆ ಒಣಗಿದಂತೆ ಕಂಡರೂ ಆ ಮಾಸ್ ನಡುವೆ ಒದ್ದೆಯಾಗಿರುತ್ತದೆ. ಉಸಿರುಕಟ್ಟಿ ಬೇರು ಕೊಳೆಯುತ್ತದೆ.

ಆದ್ದರಿಂದ ಕೊಳ್ಳುವಾಗ ಪಾರದರ್ಶಕ ಕುಂಡವನ್ನು ಎತ್ತಿ ಬೆಳಕಿಗೆ ಹಿಡಿಯಿರಿ. ಒಳ್ಳೆಯ ಬೇರು ಒದ್ದೆಯಾಗಿದ್ದಾಗ ಹಸಿರು, ಒಣಗಿದಾಗ ಬೆಳ್ಳಿ ಬಣ್ಣ. ಕೊಳೆತದ್ದು ಕಂದು, ಒತ್ತಿದರೆ ಸಿಪ್ಪೆ ಜಾರಿಬಂದು ಒಳಗಿನ ದಾರದಂಥ ನಾರು ಮಾತ್ರ ಬೆರಳಲ್ಲಿ ಉಳಿಯುತ್ತದೆ. ಕೆಳಗಿನ ಎರಡು ಮೂರು ಹೂ ಅರಳಿ, ತುದಿಯಲ್ಲಿ ಮೊಗ್ಗು ಉಳಿದಿರುವ ಗಿಡವನ್ನೇ ಆರಿಸಿ. ಪೂರ್ತಿ ಅರಳಿದ್ದು ಅಂಗಡಿಯಲ್ಲಿ ಎಷ್ಟು ದಿನ ಕಳೆದಿದೆಯೋ ಹೇಳಲಾಗದು.

ಪೂರ್ವದ ಕಿಟಕಿ ಸಾಕು, ಮಧ್ಯಾಹ್ನದ ಬಿಸಿಲು ಬೇಡ. ಮಾಗುತ್ತಿರುವ ಬಾಳೆ, ಮಾವಿನ ಬುಟ್ಟಿಯ ಪಕ್ಕ ಇಟ್ಟರೆ ಹಣ್ಣಿನಿಂದ ಬರುವ ಎಥಿಲೀನ್ ಅನಿಲಕ್ಕೆ ಮೊಗ್ಗುಗಳು ಹಳದಿಯಾಗಿ ಉದುರುತ್ತವೆ. ಬೇರು ಬೆಳ್ಳಿ ಬಣ್ಣಕ್ಕೆ ತಿರುಗಿದ ಮೇಲೆ ಬೆಳಿಗ್ಗೆ ನೀರು ಹಾಕಿ, ಪೂರ್ತಿ ಸೋರಿಹೋಗಲು ಬಿಡಿ. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಟಿಶ್ಯೂನಿಂದ ಒತ್ತಿ ತೆಗೆಯಿರಿ. ಸುಳಿ ಕೊಳೆತರೆ ಗಿಡ ಉಳಿಯುವುದು ಕಷ್ಟ. ಜೊತೆಗೆ ಕೊಡುವ ತೂತಿಲ್ಲದ ಪಿಂಗಾಣಿ ಕುಂಡ ಚಂದವೇ, ಆದರೆ ಅದರ ತಳದಲ್ಲಿ ನೀರು ನಿಂತಿದೆಯೇ ಎಂದು ಪ್ರತಿ ಸಲ ನೋಡಬೇಕು.

ಹೂ ಮುಗಿದ ಮೇಲೆ ಕುಂಡ ಬದಲಿಸಲೇಬೇಕು. ಮಾಸ್ ಪೂರ್ತಿ ಬಿಡಿಸಿ, ಬೆಂಕಿಗೆ ಹಿಡಿದು ಆರಿಸಿದ ಕತ್ತರಿಯಿಂದ ಕೊಳೆತ ಬೇರನ್ನು ತೆಗೆದು, ಕತ್ತರಿಸಿದ ಬಾಯಿಗೆ ಮಾತ್ರ ಚಕ್ಕೆಪುಡಿ ಹಚ್ಚಿ. ಮಾಸ್ ಬದಲು ತುಂಬಲು ಒಂದೆರಡು ಸೆಂಟಿಮೀಟರಿನ ಪೈನ್ ತೊಗಟೆ ಚೂರು ಮೂರು ಪಾಲು, ಇದ್ದಿಲು ಒಂದು ಪಾಲು. ತೊಗಟೆಯನ್ನು ಹಿಂದಿನ ರಾತ್ರಿಯೇ ನೆನೆಹಾಕಿ. ಕುಂಡ ಹಳೆಯ ಅಳತೆಯದೇ ಇರಲಿ, ಹೆಚ್ಚೆಂದರೆ ಒಂದು ಇಂಚು ದೊಡ್ಡದು. ಮೂರು ನಾಲ್ಕು ದಿನ ನೀರು ಬೇಡ. ಆಮೇಲೆ ಹದಿನೈದು ದಿನಕ್ಕೊಮ್ಮೆ ಲೀಟರ್ ನೀರಿಗೆ ಅರ್ಧ ಗ್ರಾಂ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವುದು), ಅದೂ ಬೇರು ಒದ್ದೆಯಿದ್ದಾಗ. ಬೋರ್‌ವೆಲ್ ನೀರಾದರೆ ತೊಗಟೆಯ ಮೇಲೆ ಬಿಳಿ ಉಪ್ಪು ಕಟ್ಟಿ ಬೇರಿನ ತುದಿ ಸುಡುತ್ತದೆ. ತಿಂಗಳಿಗೊಮ್ಮೆ ಮಳೆನೀರಿನಿಂದ ತೊಳೆಯಿರಿ.

ಮತ್ತೆ ಹೂದಂಟು ಹೊರಡಲು ಮೂರು ನಾಲ್ಕು ವಾರ ರಾತ್ರಿ 16ರಿಂದ 18 ಡಿಗ್ರಿ ತಂಪು ಬೇಕು. ಬೆಂಗಳೂರು, ಮೈಸೂರಿನಲ್ಲಿ ಡಿಸೆಂಬರ್ ಚಳಿಯೇ ಅದನ್ನು ಕೊಡುತ್ತದೆ, ಕಿಟಕಿ ತೆರೆದಿಟ್ಟರೆ ಆಯಿತು. ಮಂಗಳೂರು, ಉಡುಪಿಯ ಸೆಕೆಯಲ್ಲಿ ಇದನ್ನು ಎರಡನೇ ಸಲ ಹೂಬಿಡಿಸುವುದು ಕಷ್ಟ. ಅಲ್ಲಿನವರು ಅದೇ ದುಡ್ಡಿಗೆ ಸೆಕೆ ತಾಳುವ ಡೆಂಡ್ರೋಬಿಯಂ ಆರ್ಕಿಡ್ ಕೊಳ್ಳುವುದೇ ಮೇಲು.